ಅಣ್ಣನನ್ನು ತಮ್ಮನಾಗಿಸಿದ ಕೋಷ್ಟಕ

ನಿವೃತ್ತನಾದವನ ಕೈಗೆ ಕಂಪ್ಯೂಟರ್ ಕೊಡಬಾರದು. ಕೊಟ್ಟರೂ ಅದರಲ್ಲಿ ಇಸ್ಪೀಟು ಆಡುವುದನ್ನಷ್ಟೇ ಕಲಿಸಬೇಕು. ಮೂರು ತಿಂಗಳ ಹಿಂದೆ ಅರವತ್ತು ತುಂಬಿ ಜಮಖಂಡಿಯ ಮನೆಯಲ್ಲಿ ಕುಳಿತ ನಾನು ಇಸ್ಪೀಟು ಬಿಟ್ಟು ಪುಟ ಜೋಡಿಸುವುದನ್ನು ಕಲಿತೆ. ಇಲ್ಲಿ ತಲೆಬರಹ, ಇಲ್ಲಿ ಕೋಷ್ಟಕ ಎಂದು ಸೂಚನೆ ಬರೆದುಕೊಟ್ಟರೆ ಸಾಕು, ಕಂಪ್ಯೂಟರ್ ಅದನ್ನು ಅಚ್ಚಿನ ಪುಸ್ತಕದ ಪುಟದಂತೆ ಹೊಂದಿಸಿ ಕೊಡುತ್ತದೆ. ನೋಡಲು ಬಲು ಚೆಂದ. ಆದರೆ ಆ ಕೋಷ್ಟಕದ ಅಂಕಿಗಳು ಗೋಡೆಗೆ ಬಡಿದ ಮೊಳೆಗಳಿದ್ದಂತೆ. ಒಂದನ್ನು ಬದಲಿಸಿದರೆ ಉಳಿದವು ಅಲುಗಾಡುವುದಿಲ್ಲ. ಲೆಕ್ಕವನ್ನು ಬೇರೆ ಕಡೆ ಮಾಡಿ, ಉತ್ತರವನ್ನು ಹೊತ್ತು ತಂದು ಇಲ್ಲಿ ಇಡಬೇಕು. ನೌಕರಿಯುದ್ದಕ್ಕೂ ಅದನ್ನೇ ಮಾಡಿದ್ದ ನನಗೆ ಬೇಸರ ಬಂದಿತ್ತು. ಹುಡುಕಿದಾಗ, ಪುಟದೊಳಗಿನ ಕೋಷ್ಟಕವೇ ಸ್ಪ್ರೆಡ್‌ಶೀಟಿನಂತೆ ತನ್ನ ಲೆಕ್ಕ ತಾನೇ ಮಾಡಿಕೊಳ್ಳುವ ಒಂದು ಉಪಾಯ ಸಿಕ್ಕಿತು. ಅಲ್ಲಿಂದ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ನೆಪವೂ ಒಂದಿತ್ತು. ಅವ್ವನಿಗೆ ಎಂಬತ್ತು. ಮನೆಮಂದಿಯೆಲ್ಲ ಸೇರಿ ಊಟ ಹಾಕಿಸಿ, ಅವಳ ಬಗ್ಗೆ ಒಂದು ಸಣ್ಣ ಪುಸ್ತಿಕೆ ಹಂಚುವುದೆಂದು ಮಾತಾಗಿತ್ತು. ಕೊನೆಯ ಪುಟದಲ್ಲಿ ಅವ್ವ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಎಲ್ಲರ ಹುಟ್ಟಿದ ತಾರೀಖು ಮತ್ತು ವಯಸ್ಸು. ತಾರೀಖು ನಾನು ಕೊಡುವುದು, ವಯಸ್ಸನ್ನು ಕೋಷ್ಟಕ ಕಂಡುಹಿಡಿಯುವುದು.

ಮೊದಲ ಸಲ ಎಲ್ಲರ ವಯಸ್ಸೂ ಸೊನ್ನೆ ಬಂತು. ಅಭಿಮಾನದಿಂದ ತಾರೀಖುಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದೆ. ಕಂಪ್ಯೂಟರ್ ಅವನ್ನು ಅಂಕಿ ಎಂದೇ ಒಪ್ಪಿರಲಿಲ್ಲ. ನನ್ನ ಹೆಂಡತಿ ಶಾರದಾ ಹಿಂದಿನಿಂದ ಇಣುಕಿ, "ಎಲ್ಲಾರೂ ಇವತ್ತ ಹುಟ್ಯಾರೇನ್ರಿ? ಇಷ್ಟು ಮಂದಿಗೆ ತೊಟ್ಟಿಲಾ ಎಲ್ಲಿಂದ ತರೂನು?" ಎಂದಳು. ಲೆಕ್ಕ ಇಂಗ್ಲಿಷ್ ಅಂಕಿಯಲ್ಲಿ, ಪುಟದ ಮೇಲೆ ಕಾಣುವುದು ಕನ್ನಡದಲ್ಲಿ ಎಂದು ರಾಜಿ ಮಾಡಿಸಿದೆ. ಆಮೇಲೆ ಅವ್ವನ ವಯಸ್ಸಿಗೆ ದಶಾಂಶ ಬಿಂದುವಿನ ಮುಂದೆ ಅಂಕಿಗಳ ಬಾಲ ಹುಟ್ಟಿ ಪುಟದ ಅಂಚು ದಾಟಿತು. ಅದನ್ನೂ ಕತ್ತರಿಸಿದೆ. ಇಷ್ಟಕ್ಕೆ ಸುಮ್ಮನಿರಬೇಕಿತ್ತು. ಹಿರಿಯರು ಮೇಲೆ, ಕಿರಿಯರು ಕೆಳಗೆ ತಾವಾಗಿಯೇ ಬರಲಿ ಎಂದು ಇನ್ನೊಂದು ಸೂಚನೆ ಸೇರಿಸಿದೆ. ಕೋಷ್ಟಕ ಒಮ್ಮೆ ಮೈ ಕೊಡವಿ ಹೊಸದಾಗಿ ನಿಂತಿತು. ನೋಡಿದರೆ ನನ್ನ ಅಣ್ಣ ಬಸಣ್ಣ ನನ್ನ ಕೆಳಗಿದ್ದ. ನನಗಿಂತ ನಾಲ್ಕು ತಿಂಗಳಿಗೆ ಚಿಕ್ಕವನು.

ನನಗೆ ಆಶ್ಚರ್ಯವಾಗಲಿಲ್ಲ. ಅಣ್ಣ ಮುಧೋಳದ ಕಚೇರಿಯೊಂದರಲ್ಲಿ ಇನ್ನೂ ನೌಕರಿಯಲ್ಲಿದ್ದಾನೆ, ಅವನ ನಿವೃತ್ತಿಗೆ ಒಂದು ತಿಂಗಳಿದೆ. ತಮ್ಮನಾದ ನಾನು ಮನೆಯಲ್ಲಿ, ಅಣ್ಣ ಕುರ್ಚಿಯಲ್ಲಿ. ಶಾಲೆಗೆ ಹಾಕುವಾಗ ಅಪ್ಪ ಅವನ ವಯಸ್ಸು ಇಳಿಸಿ ಬರೆಸಿದ್ದ ಎನ್ನುವುದು ನನಗೆ ಚೆನ್ನಾಗಿ ನೆನಪಿತ್ತು. ಅಪ್ಪ ಬಗ್ಗಿ ಹೆಡ್‌ಮಾಸ್ತರರ ಕಿವಿಯಲ್ಲಿ ಪಿಸುಗುಟ್ಟಿದ್ದು, ಅವರು ನಶ್ಯ ಏರಿಸಿ ನಕ್ಕಿದ್ದು, ಆ ನಶ್ಯದ ಘಾಟು, ಎಲ್ಲವೂ. ಇಷ್ಟು ಒಪ್ಪ ಓರಣವಾದ ನೆನಪನ್ನು ಆಗಲೇ ಅನುಮಾನಿಸಬೇಕಿತ್ತು. ಖರೆ ನೆನಪುಗಳು ನಮ್ಮ ಅಟ್ಟದ ಹಾಗಿರುತ್ತವೆ. ಬೇಕಾದದ್ದು ಸಿಗುವುದಿಲ್ಲ, ಸಿಕ್ಕದ್ದು ಯಾರದೆಂದು ತಿಳಿಯುವುದಿಲ್ಲ.

ಕೋಷ್ಟಕವನ್ನು ಹಾಗೆಯೇ ಬಿಟ್ಟೆ. ಲೆಕ್ಕ ನನ್ನದಲ್ಲ, ಯಂತ್ರದ್ದು ಎಂದುಕೊಂಡೆ. ಜೀವಮಾನದಲ್ಲಿ ಒಂದು ಸಲವಾದರೂ ಅಣ್ಣನಿಗಿಂತ ಮೇಲೆ ಕಾಣುವ ಆಸೆ ಇರಲಿಲ್ಲವೆಂದು ಹೇಳಲಾರೆ.

ಭಾನುವಾರ ಅಣ್ಣ ಬಂದ. ಮರುದಿನ ಪುಟಗಳು ಬನಹಟ್ಟಿಯ ಪ್ರೆಸ್ಸಿಗೆ ಹೋಗಬೇಕಿತ್ತು. ಶಾರದಾ ಚಹಾ ತಂದಿಟ್ಟಳು. ಅಣ್ಣ ಬಶಿಗೆ ಚಹಾ ಸುರಿದುಕೊಂಡು, ಕೊನೆಯ ಪುಟ ತೆರೆದು, ಬಶಿಯನ್ನು ಕೆಳಗಿಟ್ಟ.

"ಶಿವ್ಯಾ, ನಾ ನಿನ್ನ ತಮ್ಮ ಯಾವಾಗ ಆದ್ನಿಲೇ?"

"ನಾ ಮಾಡಿಲ್ಲಣ್ಣಾ. ಅದು ತಾನ ಲೆಕ್ಕಾ ಮಾಡತೈತಿ."

"ತಾನ ಮಾಡತೈತಿ ಅಂದ್ರ ನೀ ಯಾಕ ಕುಂತಿ ಅದರ ಮುಂದ?"

"ತಾರೀಖು ನಿಂದ ಐತಲ್ಲ. ಅಪ್ಪ ಇಳಿಸಿ ಬರಸಿದ್ದು ಎಲ್ಲಾರಿಗೂ ಗೊತ್ತೈತಿ."

"ಯಾರಿಗೆ ಗೊತ್ತೈತಿ?"

"ನನಗ ನೆನಪೈತಿ."

ಅಣ್ಣ ಬಶಿಯನ್ನು ದೂರ ಸರಿಸಿದ. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ನನ್ನ ಬಗ್ಗೆ ಹಿಂಗ ತಿಳಕೊಂಡಿದ್ದಿ ಅಲ್ಲಾ. ಕಚೇರ್ಯಾಗ ಒಂದು ಮಾತು ಅನಿಸಿಕೊಂಡಿಲ್ಲ ನಾ. ಹೊಂಟ ಹೊತ್ತಿನ್ಯಾಗ ತಮ್ಮನ ಕೈಲೆ ಕಳ್ಳ ಅನಿಸಿಕೋಬೇಕಾತು. ಇದು ಹಿಂಗ ಅಚ್ಚಾದ್ರ ನಾ ಅವ್ವನ ಕಾರ್ಯಕ್ರಮಕ್ಕ ಬರೂದಿಲ್ಲ," ಎಂದ. ಕೂಗಿದ್ದರೆ ಎದುರಾಡಬಹುದಿತ್ತು. ಅಣ್ಣ ಬರದಿದ್ದರೆ ಅವ್ವ ಎಲೆಯ ಮುಂದೆ ಕೂಡುವವಳಲ್ಲ. ಬಶಿಯ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

ಒಳಗೆ ಮೆಂತ್ಯದ ಪಲ್ಲೆ ಸೋಸುತ್ತಿದ್ದ ಅವ್ವ ಬುಟ್ಟಿಯೊಂದಿಗೆ ಹೊರಗೆ ಬಂದಳು.

"ಏನ್ ನಡಸೀರಿಪಾ ಇಬ್ಬರೂ?"

ಹೇಳಿದೆ. ಅವ್ವ ಅಣ್ಣನ ಕಡೆ ನೋಡದೆ ನನ್ನನ್ನೇ ನೋಡಿದಳು.

"ಬಸ್ಯಾಂದು ಬರೋಬ್ಬರಿ ಐತಿ. ತಪ್ಪಿದ್ದು ನಿಂದು."

"ನಂದಾ?"

"ಹೂಂ. ಅವ ಸಾಲಿಗೆ ಹೊಂಟಾಗ ನಾನೂ ಹೋಗತೀನಂತ ಓಣಿ ತುಂಬ ಉಳ್ಳಾಡಿ ಅತ್ತಿ. ಮನ್ಯಾಗ ನಿನ್ನ ಹಿಡಿಯೋರ್ಯಾರು? ನಿಮ್ಮಪ್ಪ ಇಬ್ಬರನ್ನೂ ಕರಕೊಂಡು ಹ್ವಾದ. ತಲಿ ಮ್ಯಾಲಿಂದ ಕೈ ತಂದು ಆ ಕಡೆ ಕಿವಿ ಮುಟ್ಟು ಅಂದ್ರಂತ ಮಾಸ್ತರ, ವಯಸ್ಸು ನೋಡಾಕ. ಬಸ್ಯಾ ಅಂಜಿ ನಿಂತ. ನೀ ಕುತ್ತಿಗಿ ವಾರಿ ಮಾಡಿ ಮುಟ್ಟಿಬಿಟ್ಟಿ. ಬಸ್ಯಾಂದು ನಿಮ್ಮಪ್ಪ ಹೇಳಿದ್ದ ಬರಕೊಂಡ್ರು, ನೀನ ದೊಡ್ಡಾಂವ ಇರಬೇಕಂತ ನಿಂದು ಎರಡು ವರ್ಷ ಏರಿಸಿ ಬರಕೊಂಡ್ರು. ಅವನ ಅಂಗಿ ಸಣ್ಣಾದ ಮ್ಯಾಲ ನಿನಗ ಹಾಕಿನೋ, ನಿನ್ನ ಅಂಗಿ ಅವಗ ಹಾಕಿನೋ?"

"ಮತ್ತ ನಾ ರಿಟೈರ್ ಆದಾಗ ಯಾಕ ಹೇಳಲಿಲ್ಲ?"

"ಮನಿಗೆ ಬಂದಿ, ಛಲೋ ಆತು ಅಂದ್ನಿ. ನೀ ಎಲ್ಲಿ ಕೇಳಿದಿ?"

ಅಣ್ಣನ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾನೆಂದು ಗಾಬರಿಯಾದೆ, ನಗುತ್ತಿದ್ದ. "ಹಂಗಾದ್ರ ನಿಂದ ಇನ್ನಾ ಎರಡು ವರ್ಷ ನೌಕರಿ ಬಾಕಿ ಐತಲೇ," ಎಂದ. ಶಾರದಾ ಅಡುಗೆಮನೆಯಿಂದಲೇ, "ಕಳಸೂದಾದ್ರ ನಾಳೆನ ಡಬ್ಬಿ ಕಟ್ಟತೀನ್ರಿ ಮಾವಾರ," ಎಂದಳು.

ನಾನು ಕೋಷ್ಟಕದಲ್ಲಿ ಒಂದೇ ಒಂದು ಅಂಕಿ ಬದಲಿಸಿದೆ, ನನ್ನ ಹುಟ್ಟಿದ ವರ್ಷದ್ದು. ಹೆಸರುಗಳು ಕದಲಿದವು. ಅಣ್ಣ ಮೇಲೇರಿದ, ನಾನು ಇಳಿದೆ, ನನ್ನ ಅರವತ್ತು ಐವತ್ತೆಂಟಾಯಿತು. ಅಣ್ಣ ಆರಿದ ಚಹಾವನ್ನೇ ಕುಡಿದ. "ಛಲೋ ಐತಲೇ ಇದು. ಮುಧೋಳಕ್ಕ ಬಂದು ನನಗೂ ಕಲಿಸು. ಮುಂದಿನ ತಿಂಗಳಿಂದ ನಾನೂ ಖಾಲಿ," ಎಂದ.

ಊಟ ಚೆನ್ನಾಗಿಯೇ ನಡೆಯಿತು. ಅಣ್ಣ ಮೊದಲ ಪಂಕ್ತಿಯಲ್ಲಿ ಅವ್ವನ ಪಕ್ಕ ಕುಳಿತ; ಚಿಕ್ಕವನೆಂದು ಸಾಬೀತಾದ ನಾನು ಬಕೆಟ್ಟು ಹಿಡಿದು ಸಾರು ಬಡಿಸಿದೆ. ಪುಕ್ಕಟೆ ಸಿಕ್ಕ ಎರಡು ವರ್ಷಗಳಲ್ಲಿ ಏನೇನು ಮಾಡಬೇಕೆಂದು ಯೋಚಿಸುತ್ತ ಹುರುಪಿನಲ್ಲಿದ್ದೇನೆ, ಮೊಣಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಇನ್ನೊಂದು ವಿಷಯ. ಸಾಲಿಯ ಬಾಗಿಲಲ್ಲಿ ಕುತ್ತಿಗೆ ವಾರೆ ಮಾಡಿ ಕಿವಿ ಮುಟ್ಟಿದ್ದು ಈಗ ನನಗೆ ಸ್ಪಷ್ಟವಾಗಿ ನೆನಪಾಗುತ್ತಿದೆ. ಪಕ್ಕದಲ್ಲಿ ಅಣ್ಣ ಅಂಜಿ ನಿಂತಿದ್ದಾನೆ. ಹೆಡ್‌ಮಾಸ್ತರರು ನಗುತ್ತಿದ್ದಾರೆ. ನಶ್ಯದ ಘಾಟು ಕೂಡ ಸರಿಯಾಗಿ ಅಲ್ಲೇ ಇದೆ.