ಪಂಚಾಯ್ತಿ ಕಂಪ್ಯೂಟರಿನ ಕೆಂಪು ಬಾವುಟ

ಬಸರಿದೊಡ್ಡಿ ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ನಟರಾಜುವಿಗೆ ಆ ಮಂಗಳವಾರ ಬಂದ ಕಷ್ಟವೆಲ್ಲ ಒಂದು ಮೌಸಿನಿಂದ ಬಂದದ್ದು. ಅದರ ಹೊಟ್ಟೆಯೊಳಗಿನ ಗೋಲಿಗೆ ಆಫೀಸಿನ ಧೂಳೆಲ್ಲ ಮೆತ್ತಿಕೊಂಡು, ಪರದೆಯ ಮೇಲಿನ ಬಾಣ ಹಟ ಹಿಡಿದ ಟಗರಿನ ಹಾಗೆ ನಿಂತಲ್ಲೇ ನಿಂತುಬಿಟ್ಟಿತು. ಬೇರೆ ಯಾವ ಹೊತ್ತಿನಲ್ಲಿ ನಿಂತಿದ್ದರೂ ಅಡ್ಡಿಯಿರಲಿಲ್ಲ. ಚೆಲುವಯ್ಯ ಬಾಗಿಲಲ್ಲಿ ನಿಂತು ಕೆಮ್ಮಿದ ಹೊತ್ತಿಗೇ ನಿಂತಿತು.

ಪರದೆಯ ಮೇಲೆ ಆಗ ಇದ್ದದ್ದು ಮನೆಗಂದಾಯದ ಲೆಕ್ಕವಲ್ಲ, ಬಾಂಬಿನ ಆಟ. ಬೂದು ಬಣ್ಣದ ಚೌಕಗಳ ದೊಡ್ಡದೊಂದು ಬಯಲು. ಚೌಕವನ್ನು ಒತ್ತಿದರೆ ಒಂದು, ಎರಡು, ಮೂರು ಎಂದು ಅಂಕಿ ಮೂಡುತ್ತದೆ. ಅದರ ಸುತ್ತ ಅಷ್ಟು ಬಾಂಬು ಹೂತಿವೆ ಎಂದು ಅರ್ಥ. ಬಾಂಬಿದೆ ಎಂದು ಅನುಮಾನ ಬಂದ ಕಡೆ ಕೆಂಪು ಬಾವುಟ ನೆಡಬೇಕು. ತಪ್ಪಿ ಬಾಂಬನ್ನೇ ಒತ್ತಿದರೆ ಆಟ ಮುಗಿಯಿತು, ಮೇಲ್ಗಡೆ ನಗುತ್ತಿರುವ ಹಳದಿ ಮುಖ ಬಾಯಿ ಸೊಟ್ಟ ಮಾಡಿಕೊಂಡು ಸತ್ತುಹೋಗುತ್ತದೆ. ಸರ್ಕಾರ ಕಳಿಸಿದ ಕಂಪ್ಯೂಟರಿನ ಒಳಗೇ ಈ ಆಟವೂ ಬಂದಿತ್ತು. ನಟರಾಜು ಬೆಳಗ್ಗೆ ಊರಿನ ಜನನ ಮರಣಗಳನ್ನು ಅದಕ್ಕೆ ತುಂಬಿ, ಆಮೇಲೆ ಸಂಜೆಯವರೆಗೂ ಬಾವುಟ ನೆಡುತ್ತಿದ್ದ. ಮನೆಗೆ ಹೋಗಿ ಸರ್ಕಾರದ ಕೆಲಸ ಕಣ್ಣು ತಿನ್ನುತ್ತದೆ ಎನ್ನುತ್ತಿದ್ದ. ಹೆಂಡತಿ ಕುಸುಮ ಅಯ್ಯೋ ಪಾಪ ಎಂದು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು.

ಚೆಲುವಯ್ಯ ಬಂದದ್ದು ಬೀದಿ ನಲ್ಲಿ ಸೋರುತ್ತಿದೆ ಎಂದು ಹೇಳಲು. ಸರ್ಕಾರದ ಬಗ್ಗೆ ಅಭಿಪ್ರಾಯ ಬೇಕಾದರೆ ಊರಿನವರು ಅವನ ಹತ್ತಿರ ಹೋಗಬೇಕಾಗಿರಲಿಲ್ಲ, ಅವನೇ ಮನೆ ಬಾಗಿಲಿಗೆ ತಂದು ಕೊಡುತ್ತಿದ್ದ. ಅವನ ಕಣ್ಣು ನೇರವಾಗಿ ಪರದೆಯ ಮೇಲೆ ಬಿತ್ತು.

“ಏನ್ಲಾ ನಟರಾಜು ಅದು, ಹೊಲಗದ್ದೆ ಇದ್ದಂಗೈತೆ?”

ಆಪರೇಟರ್ ಕೆಲಸ ಖಾಯಮ್ಮಿನದಲ್ಲ. ಆಫೀಸು ಹೊತ್ತಿನಲ್ಲಿ ಆಟವಾಡಿದ ಎಂದು ಒಂದು ದೂರು ಹೋದರೆ ಸಾಕು, ನಾಳೆಯಿಂದ ಮನೆ. ನಟರಾಜು ಸತ್ತ ಮೌಸನ್ನು ಅತ್ತಿತ್ತ ಉಜ್ಜುತ್ತಾ, ಅದು ಸರ್ಕಾರದ ಒಂದು ನಕ್ಷೆ ಅಂದುಬಿಟ್ಟ. ಯಾವ ಊರಿನದು ಎಂದು ಚೆಲುವಯ್ಯ ಇನ್ನಷ್ಟು ಬಗ್ಗಿದ.

“ನೋಡೋ ಹಂಗಿಲ್ಲ ದೊಡ್ಡಪ್ಪ. ಇನ್ನೂ ಗುಟ್ಟು.”

ಗುಟ್ಟು ಎಂದರೆ ಆಸಾಮಿ ಜಾಗ ಖಾಲಿ ಮಾಡುತ್ತಾನೆ ಎಂದು ನಟರಾಜುವಿನ ಲೆಕ್ಕ. ಖಾಲಿ ಮಾಡಿದ್ದು ನಿಜ. ನಲ್ಲಿಯ ಮಾತೇ ಎತ್ತದೆ ಹೋದ. ಆದರೆ ಬಸರಿದೊಡ್ಡಿಯಲ್ಲಿ ಒಂದು ವಿಷಯ ಗುಟ್ಟು ಎನ್ನುವುದೂ ಅದಕ್ಕೆ ತಮಟೆ ಕಟ್ಟಿ ಕಳಿಸುವುದೂ ಒಂದೇ.

ಅದೂ ಎಂಥ ಕಾಲ. ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳ ಕಾಂಪೌಂಡು ವರ್ಷಕ್ಕಿಷ್ಟು ಮುಂದಕ್ಕೆ ಬರುತ್ತಿತ್ತು. ಯಾರಾದರೂ ಪ್ಯಾಂಟು ಹಾಕಿಕೊಂಡು ಹೊಲದ ಬದುವಿನ ಮೇಲೆ ನಿಂತರೆ, ಅವನು ಬಹಿರ್ದೆಸೆಗೆ ಬಂದವನಾದರೂ ಸರಿ, ಹೆಂಗಸರು ಸೌದೆ ಹಿಡಿದು ಓಡಿಬರುತ್ತಿದ್ದರು. ಲಿಂಗಯ್ಯನ ಹೋಟೆಲಿನಲ್ಲಿ ಚೆಲುವಯ್ಯನ ಟೀ ಆರುವಷ್ಟರಲ್ಲಿ ನಕ್ಷೆಗೆ ಅರ್ಥ ಹುಟ್ಟಿತ್ತು. ಒಂದು ಎಂದರೆ ಮೊದಲನೇ ಹಂತದಲ್ಲಿ ಹೋಗುವ ಜಮೀನು, ಎರಡು ಎಂದರೆ ಎರಡನೇ ಹಂತ, ಮೂರು ಎಂದರೆ ಮೂರನೆಯದು. ಕೆಂಪು ಬಾವುಟ ಬಂಡೆ ಸಿಡಿಸುವ ಜಾಗ. ಮೇಲೆ ನಗುತ್ತಿರುವುದು ಯಾರು ಎಂದು ಲಿಂಗಯ್ಯ ಕೇಳಿದ್ದಕ್ಕೆ, ಅದೇ ಸರ್ಕಾರ, ನಮ್ಮ ಭೂಮಿ ನುಂಗಿ ನಗದೆ ಅಳುತ್ತದೆಯೇ ಎಂದ ಚೆಲುವಯ್ಯ.

ಇತ್ತ ನಟರಾಜು ಗೋಲಿಯನ್ನು ಹೊರಗೆ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮೌಸನ್ನು ಬದುಕಿಸಿಕೊಂಡಿದ್ದ. ಅಲ್ಲಿಗೇ ಆಟ ಮುಚ್ಚಿದ್ದರೆ ಕತೆಯೂ ಮುಚ್ಚುತ್ತಿತ್ತು. ಆದರೆ ಗೆಲ್ಲಲು ಇನ್ನು ಒಂದಿಷ್ಟೇ ಚೌಕ ಉಳಿದಿದ್ದವು, ಈ ದೊಡ್ಡ ಬಯಲನ್ನು ಅವನು ಒಮ್ಮೆಯೂ ಗೆದ್ದವನಲ್ಲ. ಒಸಿ ನೋಡೋಣ ಎಂದು ಕೂತ. ಅಷ್ಟರಲ್ಲಿ ಬೇಲಿ ಕಿತ್ತ ಕಡೆ ಕುರಿ ನುಗ್ಗುವಂತೆ ಊರು ಒಳಕ್ಕೆ ನುಗ್ಗಿತು.

ಮುಂದೆ ಇದ್ದವಳು ಮಾಯಮ್ಮ. ಗಂಡ ಹೋದ ಮೇಲೆ ನಾಲ್ಕು ಕುರಿ, ಕೆರೆ ಪಕ್ಕದ ಹಿಪ್ಪುನೇರಳೆ ತೋಟ, ಒಂದು ಮನೆ ತುಂಬ ರೇಷ್ಮೆ ಹುಳ, ಇಷ್ಟರಲ್ಲಿ ಬದುಕು ಕಟ್ಟಿಕೊಂಡವಳು. ತನ್ನ ತೋಟ ಇದರಲ್ಲಿ ಯಾವುದು ಎಂದು ಕೇಳಿದಳು. ನಟರಾಜು ಬಾಯಿ ಬಿಡುವ ಮೊದಲೇ ಚೆಲುವಯ್ಯ ಬೆರಳಿಟ್ಟು ತೋರಿಸಿದ. ಖಾಲಿ ಇರುವುದು ಕೆರೆ, ಅದರ ಅಂಚಿನದು ಗಾಡಿ ದಾರಿ, ಅದು ತಿರುಗುವ ಕಡೆ ಮಾಯಮ್ಮನ ತೋಟ. ಸರಿಯಾಗಿ ಅದರ ಮೇಲೆ ಕೆಂಪು ಬಾವುಟ.

ಮಾಯಮ್ಮ ಗಲಾಟೆ ಮಾಡಲಿಲ್ಲ. ಪರದೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕಣ್ಣೀರು ಹಾಕಿದಳು. ಚಿಕ್ಕಂದಿನಲ್ಲಿ ನಟರಾಜುವಿಗೆ ಜ್ವರ ಬಂದಾಗಲೆಲ್ಲ ಗಂಜಿ ಕಾಯಿಸಿ ಕುಡಿಸಿದ ಕೈ ಅದು. ಅವನಿಗೆ ತಡೆಯಲಾಗಲಿಲ್ಲ. ಮೌಸಿನ ಬಲಗಡೆ ಒಂದು ಸಲ ಒತ್ತಿದ. ಬಾವುಟ ಮಾಯವಾಯಿತು.

“ಹೋಯ್ತು ಬುಡವ್ವ. ಅಳಬ್ಯಾಡ.”

ಜಿಲ್ಲೆಯ ಆಫೀಸು ಸುತ್ತಿ ಚಪ್ಪಲಿ ಸವೆಸಿದರೂ ಆಗದ ಕೆಲಸವನ್ನು ನಮ್ಮೂರ ಹುಡುಗ ಒಂದು ಬೆರಳಿನಲ್ಲಿ ಮಾಡಿದ್ದ. ಮರುಕ್ಷಣ ಎಲ್ಲರೂ ಒಟ್ಟಿಗೆ ಅವನ ಹೆಗಲು ಹಿಡಿದರು. ಒಬ್ಬನಿಗೆ ತೆಂಗಿನ ತೋಟದ ಬಾವುಟ ಕೀಳಿಸಬೇಕು, ಇನ್ನೊಬ್ಬನಿಗೆ ಮೂರನ್ನು ಎರಡು ಮಾಡಿಸಬೇಕು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಮುತ್ತುರಾಜು ಅವನ ಕಿವಿಗೆ ಬಾಯಿ ಹಚ್ಚಿ, ಕಿತ್ತ ಬಾವುಟವನ್ನು ತನ್ನ ಅಣ್ಣನ ಹೊಲಕ್ಕೆ ನೆಟ್ಟರೆ ಆದೀತಾ ಎಂದು ಕೇಳಿದ. ಪಿಸುಮಾತು ಹಿಂದೆ ನಿಂತಿದ್ದ ಅಣ್ಣನಿಗೂ ಕೇಳಿಸಿತು. ಇಬ್ಬರೂ ಮೌಸಿಗೆ ಕೈ ಹಾಕಿ ಎಳೆದಾಡಿದರು. ಯಾರ ಬೆರಳೋ ಎಲ್ಲಿಗೋ ಒತ್ತಿತು.

ಪರದೆಯ ತುಂಬ ಕಪ್ಪು ಬಾಂಬುಗಳು ಎದ್ದವು. ಮಾಯಮ್ಮನ ತೋಟದ ಬಾಂಬು ಕೆಂಪಗೆ ಉರಿಯುತ್ತಿತ್ತು. ಹಳದಿ ಮುಖ ಸತ್ತುಬಿತ್ತು.

“ಸರ್ಕಾರ ಬಿದ್ದೋಯ್ತು,” ಎಂದ ಲಿಂಗಯ್ಯ.

“ಬಿದ್ರೇನು,” ಎಂದ ಚೆಲುವಯ್ಯ. “ಬಾಂಬ್ ಇಟ್ಟೇ ಹೋಗವ್ರೆ ನೋಡು.”

ಸಾಹೇಬರು ಬಂದು ಉತ್ತರ ಕೊಡುವವರೆಗೂ ನಟರಾಜುವನ್ನು ಬಿಡಕೂಡದು ಎಂದು ತೀರ್ಮಾನವಾಯಿತು. ಮೇಲಿನ ಆಫೀಸಿಗೆ ಫೋನು ಹೋಯಿತು. ಅದೇ ಹೊತ್ತಿಗೆ ಕುಸುಮ ಮುದ್ದೆ ಸಾರಿನ ಕ್ಯಾರಿಯರ್ ಹಿಡಿದು ಬಂದಳು. ಬಾಗಿಲಿನಲ್ಲೇ ನಾಲ್ಕು ಜನ ಅವಳಿಗೆ ವಿಷಯ ಮುಟ್ಟಿಸಿದರು. ಅವಳು ಗಂಡನ ಮುಂದೆ ನಿಂತು ಕೇಳಿದ್ದು ಒಂದೇ ಮಾತು.

“ದಿನಾ ಕಣ್ಣು ನೋಯಿಸ್ಕಂಡು ನೀವು ಮಾಡ್ತಿದ್ದದ್ದು ಇದೇನಾ? ಊರೋರ ಹೊಲಕ್ಕೆ ಬಾಂಬ್ ಇಡೋದಾ?”

ಅವಳು ಕ್ಯಾರಿಯರನ್ನು ಹಿಂದಕ್ಕೆ ತೆಗೆದುಕೊಂಡಳು. ನಟರಾಜು ಉಳಿದದ್ದನ್ನೆಲ್ಲ ಸಹಿಸಿದ್ದ, ಅದನ್ನು ಸಹಿಸಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತ. ಇದು ನಕ್ಷೆಯಲ್ಲ, ಬರೀ ಆಟ ಎಂದ. ಆಫೀಸು ಹೊತ್ತಿನಲ್ಲಿ ಕದ್ದು ಆಡುತ್ತಿದ್ದೆ, ಮಾನ ಹೋಗುತ್ತದೆಂದು ಸುಳ್ಳು ಹೇಳಿದೆ, ಯಾರ ಹೊಲಕ್ಕೂ ಏನೂ ಆಗುವುದಿಲ್ಲ ಎಂದ. ಕೆಲಸ ಹೋದರೂ ಮನಸ್ಸಾದರೂ ಹಗುರಾಯಿತು ಎಂದುಕೊಂಡ.

ಜನ ಮುತ್ತುರಾಜುವಿನ ಮುಖ ನೋಡಿದರು. ಕನಕಪುರದ ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯಲ್ಲಿ ಓದಿನ ಕಾಲವನ್ನೆಲ್ಲ ಕಳೆದವನು ಅವನು. ಅವನು ಪರದೆಯನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದ.

“ಇದು ಆಟ ಅಲ್ಲ ಕಣ್ರಪ್ಪ. ಆಟ ಅಂದ್ಮೇಲೆ ಕಾರ್ ಓಡ್ಬೇಕು, ಗುಂಡ್ ಹಾರ್ಬೇಕು, ಕಿವಿ ತೂತಾಗಂಗೆ ಸವುಂಡ್ ಬರ್ಬೇಕು. ಸುಮ್ನೆ ಕುಂತು ನಂಬರ್ ಲೆಕ್ಕ ಹಾಕೋಕೆ ಯಾವನ್ಲಾ ಆಟ ಅಂತಾನೆ? ಹಂಗಾದ್ರೆ ಗಣಿತದ ಪರೀಕ್ಷೇಲಿ ನಾನು ಫೇಲಾಗಿದ್ದೂ ಆಟವೇಯಾ?”

ಚೆಲುವಯ್ಯನ ವಾದ ಇನ್ನೂ ಗಟ್ಟಿಯಾಗಿತ್ತು. ಸರ್ಕಾರ ರಸ್ತೆ ಮಾಡುತ್ತೇವೆ ಎಂದರೆ ಮೊಮ್ಮಕ್ಕಳ ಕಾಲಕ್ಕೆ ಬರುತ್ತದೆ. ಏನೂ ಇಲ್ಲ, ಗಾಬರಿಯಾಗಬೇಡಿ ಎಂದರೆ ನಾಳೆ ಬೆಳಗ್ಗೆಯೇ ಬರುತ್ತದೆ. ಅಷ್ಟಕ್ಕೂ ಸರ್ಕಾರವೇನು ಹುಚ್ಚೇ, ಆಪರೇಟರ್ ಆಟವಾಡಲಿ ಎಂದು ಕಂಪ್ಯೂಟರ್ ಕೊಡಲು? ಜನಕ್ಕೆ ಇದು ಸರಿ ಎನಿಸಿತು. ನಟರಾಜು ಅಷ್ಟು ಹೊತ್ತು ಹೇಳಿದ್ದು ಸುಳ್ಳು ಎಂದು ಯಾರಿಗೂ ಅನಿಸಿರಲಿಲ್ಲ. ನಿಜ ಹೇಳಿದ ಮೇಲೆ ಸುಳ್ಳುಗಾರನಾದ.

ಸಾಹೇಬರ ಜೀಪು ಬಂದಾಗ ಬಿಸಿಲು ಇಳಿಯುತ್ತಿತ್ತು. ಜಯಕುಮಾರ್ ಸಾಹೇಬರು ಜನರನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಏನು ಕತೆ ಎಂದು ಕೇಳಿದರು. ನಟರಾಜು ಒಂದನ್ನೂ ಮುಚ್ಚಿಡಲಿಲ್ಲ.

“ನನ್ನ ಕೆಲಸದಿಂದ ತೆಗೀರಿ ಸಾರ್, ಬೇಜಾರಿಲ್ಲ. ಇದು ಆಟ ಅಂತ ನೀವೊಂದ್ ಮಾತ್ ಹೇಳ್ಬುಡಿ. ಆ ಮಾಯವ್ವ ಬೆಳಗ್ಗೆಯಿಂದ ನೀರೂ ಕುಡ್ದಿಲ್ಲ.”

ಸಾಹೇಬರು ಪರದೆಯನ್ನು ಬಹಳ ಹೊತ್ತು ನೋಡಿದರು.

“ಆ ಎರಡರ ಪಕ್ಕದಲ್ಲಿ ಯಾರಾದ್ರೂ ಒತ್ತುತ್ತಾರೇನ್ರೀ? ಬಾಂಬು ಅಲ್ಲೇ ಇದೆ ಅಂತ ಎದ್ದು ಕಾಣ್ತಿದೆಯಲ್ಲ,” ಎಂದರು.

ನಟರಾಜುವಿಗೆ ಅರ್ಥವಾಯಿತು. ಸಾಹೇಬರಿಗೂ ತಾನು ಬಾಯಿ ತಪ್ಪಿದ್ದು ಅರ್ಥವಾಗಿ, ತಲೆಯನ್ನು ಸವರಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು. ಅವನನ್ನು ತೆಗೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ, ಆಟವಿದ್ದ ಕಂಪ್ಯೂಟರನ್ನು ಪರೀಕ್ಷೆ ಮಾಡಿ ಒಪ್ಪಿಗೆ ಹಾಕಿದವರು ಯಾರು ಎಂದು ಮೇಲಿನವರು ಕೇಳುತ್ತಾರೆ. ಹಾಕಿದವರು ಇವರೇ. ಆದ್ದರಿಂದ ಸರ್ಕಾರದ ಕಂಪ್ಯೂಟರಿನಲ್ಲಿ ಆಟ ಎಂಬುದು ಇಲ್ಲ, ಇರಲೂ ಇಲ್ಲ.

ಬಾಗಿಲು ತೆರೆದು ಅವರು ಜಗಲಿಗೆ ಬಂದರು. ಇದು ಪ್ರಾಯೋಗಿಕ ನಕ್ಷೆ, ಬಸರಿದೊಡ್ಡಿಯ ವಿಚಾರದಲ್ಲಿ ಇಲಾಖೆಯಿಂದ ತಪ್ಪಾಗಿದೆ, ಈಗಲೇ ಸರಿಪಡಿಸುತ್ತೇನೆ ಎಂದು ಹೇಳಿ, ಜನರನ್ನು ಒಳಗೆ ಕರೆದು ಎಲ್ಲರ ಎದುರಿಗೆ ಸತ್ತ ಹಳದಿ ಮುಖವನ್ನು ಒತ್ತಿದರು. ಬಾಂಬೂ ಇಲ್ಲ, ಅಂಕಿಯೂ ಇಲ್ಲ. ಬೂದು ಬಯಲು ತೊಳೆದಿಟ್ಟಂತೆ ನಿಂತಿತು. ಮುಖ ಮತ್ತೆ ನಕ್ಕಿತು.

ಜನ ಸಾಲಾಗಿ ಬಂದು ತಮ್ಮ ತಮ್ಮ ಹೊಲ ನೋಡಿದರು. ಮಾಯಮ್ಮ ತೋಟದ ಮೇಲೆ ಬೆರಳಾಡಿಸಿ, ಹೊರಗೆ ಹೋಗಿ ಒಂದು ಚೊಂಬು ನೀರು ಗಟಗಟ ಕುಡಿದಳು. ಚೆಲುವಯ್ಯ ಇದನ್ನೂ ನಂಬುವುದಿಲ್ಲ ಎಂದು ನಟರಾಜುವಿಗೆ ಆಸೆಯಿತ್ತು. ಆದರೆ ಚೆಲುವಯ್ಯನ ಕಣ್ಣಲ್ಲಿ ನೀರಿತ್ತು. ತಪ್ಪಾಯಿತು ಎಂದು ಸರ್ಕಾರ ಹೇಳಿದ್ದನ್ನು ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ, ಹೇಳಿದ ಮೇಲೆ ಅದು ನಿಜವೇ ಇರಬೇಕು ಎಂದ. ಒಂದೇ ಒಂದು ಅನುಮಾನ ಉಳಿದಿತ್ತು.

“ಸ್ವಾಮಿ, ನೀವು ಇವತ್ತು ಅಳ್ಸುದ್ರಿ. ನೀವು ಹೋದ್ಮೇಲೆ ಇವ್ನು ತಿರ್ಗ ನೆಟ್ರೆ? ದಿನಾ ಬಾಗ್ಲು ತೆಗ್ದಾಗ್ಲಿಂದ ಮುಚ್ಚೋಗಂಟ ಈ ನಕ್ಷೆ ಹಿಂಗೇ ತೆರ್ದಿರ್ಬೇಕು. ನಾವು ಸರ್ದಿ ಮೇಲೆ ಕಾಯ್ತೀವಿ.”

ಸಾಹೇಬರು ಒಪ್ಪಿದರು. ಒಂದು ಚೌಕವನ್ನೂ ಮುಟ್ಟಕೂಡದು, ಕಂದಾಯದ ಕೆಲಸವನ್ನು ಆಫೀಸು ಮುಚ್ಚಿದ ಮೇಲೆ ಮಾಡಿಕೊಳ್ಳತಕ್ಕದ್ದು ಎಂದು ನಟರಾಜುವಿಗೆ ಅಲ್ಲೇ ಅಪ್ಪಣೆಯಾಯಿತು. ಜೀಪು ಹತ್ತುವಾಗ ಅವರು ಅವನ ಕಡೆ ನೋಡಿದ ನೋಟದಲ್ಲಿ ಆಟಗಾರನಿಗೆ ಆಟಗಾರ ತೋರಿಸುವ ಮರುಕವಿತ್ತು.

ಮಾರನೆಯ ದಿನದಿಂದ ನಟರಾಜುವಿನ ಕೆಲಸ ಅದೇ ಆಯಿತು. ಬೆಳಗ್ಗೆ ಆಟ ತೆರೆದು ಅದರ ಮುಂದೆ ಕೂರುವುದು. ಇಡೀ ಬಯಲು ಒಂದೂ ಒತ್ತು ಬೀಳದೆ ಎದುರಿಗೆ ಬಿದ್ದಿರುತ್ತದೆ. ಸಾಹೇಬರ ಅಪ್ಪಣೆ, ಸರ್ಕಾರದ ಸಂಬಳ, ಇನ್ನು ಕದಿಯಬೇಕಾಗಿಲ್ಲ, ಬೈಯುವವರಿಲ್ಲ. ಮೊದಲ ದಿನ ಕಾವಲಿನ ಸರದಿ ಮಾಯಮ್ಮನದು. ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಮಧ್ಯಾಹ್ನ ಅವಳು ತೂಕಡಿಸಿದಂತೆ ಕಂಡಿತು. ನಟರಾಜುವಿನ ಬೆರಳು ತಾನಾಗಿಯೇ ಮೆಲ್ಲಗೆ ಮೌಸಿನ ಕಡೆ ಹರಿಯಿತು.

ಮಾಯಮ್ಮ ಕಣ್ಣು ಬಿಡದೆಯೇ ಆ ಕೈಯನ್ನು ಹಿಡಿದು, ತನ್ನ ಮಡಿಲಲ್ಲಿ ಇಟ್ಟುಕೊಂಡು ತಟ್ಟಿದಳು.

“ಬ್ಯಾಡ ಕಣ್ ಮಗ. ಕಣ್ಣು ನೋಯ್ತದೆ. ಸುಮ್ನೆ ನೋಡ್ಕಂಡು ಕುಂತ್ಕ.”