ನರ್ಸಮ್ಮನ ಊರಿಗೆ ನಮ್ಮ ಉಪಕಾರ

ಉಪಕಾರ ಮಾಡಲು ಹೊರಟವರಿಗೆ ಆಗುವಷ್ಟು ಎಡವಟ್ಟು ಕೆಡುಕು ಮಾಡಲು ಹೊರಟವರಿಗೂ ಆಗುವುದಿಲ್ಲ ಅಂತ ನನಗೆ ಬಲವಾದ ಅನುಮಾನ. ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಪಕ್ಕದ ಮನೆಯಲ್ಲಿ ಹೈಟಿ ದೇಶದ ಒಬ್ಬರು ನರ್ಸಮ್ಮ ಇದ್ದಾರೆ. ಬೇ ಏರಿಯಾದಲ್ಲಿ ಅವರ ದೇಶದವರು ಕಡಿಮೆ. ಇರುವವರನ್ನೇ ಹುಡುಕಿ ಒಟ್ಟು ಮಾಡಿ, ಸಮುದ್ರದಂಡೆಯ ತಮ್ಮ ಪುಟ್ಟ ಊರಿಗೆ ಏನಾದರೂ ಮಾಡಬೇಕು ಅಂತ ಸಂಘ ಕಟ್ಟಿಕೊಂಡಿದ್ದಾರೆ. ನಾನು ಅದರೊಳಗೆ ಹೋಗಿ ಸೇರಿಕೊಂಡೆ. ಆಮೇಲೆ ನಮ್ಮ ಅತ್ತೆಯೂ ಸೇರಿಕೊಂಡರು. ಎಡವಟ್ಟುಗಳಿಗೆ ಅಷ್ಟು ಸಾಕಾಯಿತು.

ಚಳಿ ಕೋಟು

ಊರಿಗೆ ಸಾಮಾನು ತುಂಬಿ ಹಡಗಿನಲ್ಲಿ ಡ್ರಮ್ಮು ಕಳಿಸುತ್ತಿದ್ದೇವೆ, ಬಟ್ಟೆ ಇದ್ದರೆ ಕೊಡಿ ಅಂತ ನರ್ಸಮ್ಮ ಕೇಳಿದರು. ನಾನು ಉತ್ಸಾಹದಿಂದ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮುಂದಿನ ಶನಿವಾರ ಹತ್ತಿರದ ಡಬ್ಲಿನ್ನಿನಿಂದ, ಸರಟೋಗಾದಿಂದ ಕಾರುಗಳು ಬಂದವು. ಇಳಿದದ್ದು ಬಹುಪಾಲು ಹಿಮದಲ್ಲಿ ಜಾರಾಡಲು ಹಾಕುವ ದಪ್ಪ ಜಾಕೆಟ್ಟುಗಳು.

ನರ್ಸಮ್ಮ ಒಂದನ್ನು ಎತ್ತಿ ನೋಡಿದರು. "ನಮ್ಮೂರಿನವರು ಹಿಮ ನೋಡಿರುವುದು ಕ್ಯಾಲೆಂಡರಿನಲ್ಲಿ ಮಾತ್ರ" ಅಂದರು. ಆದರೆ ಕೊಟ್ಟವರು ನನ್ನ ಸ್ನೇಹಿತರು, ಅವರಿಗೆ ಬೇಸರವಾಗಬಾರದು ಅಂತ ಎಲ್ಲವನ್ನೂ ಡ್ರಮ್ಮಿಗೆ ತುಂಬಿಸಿದರು.

ಕೆಲವು ತಿಂಗಳಾದ ಮೇಲೆ ಅಲ್ಲಿಂದ ಒಂದು ಫೋಟೋ ಬಂತು. ಮೀನು ಮಾರುವ ಹೆಂಗಸರು ಐಸಿನ ಜೊತೆ ಮೀನನ್ನು ಜಾಕೆಟ್ಟಿನೊಳಗೆ ಮಲಗಿಸಿ, ಕುತ್ತಿಗೆಯವರೆಗೂ ಜಿಪ್ ಎಳೆದು ಸಾಲಾಗಿ ಇಟ್ಟಿದ್ದಾರೆ. ಜೊತೆಗೆ ನರ್ಸಮ್ಮನ ದೊಡ್ಡಮ್ಮನ ಮಗಳ ಸಂದೇಶ: "ಐಸು ಸಾಯಂಕಾಲವಾದರೂ ಕರಗುವುದಿಲ್ಲ. ಬಹಳ ಉಪಕಾರವಾಯಿತು. ಮಕ್ಕಳ ಸೈಜು ಮಾತ್ರ ಬೇಡ, ಬಾಲ ಹೊರಗೆ ಬರುತ್ತದೆ."

ಅದೇ ವಾರ ಗ್ರೋಸರಿ ಅಂಗಡಿಯಲ್ಲಿ ಸರಟೋಗಾದ ಮೇಡಮ್ಮು ಸಿಕ್ಕರು. "ನನ್ನ ಕೆಂಪು ಜಾಕೆಟ್ ಯಾರಿಗೆ ಸಿಕ್ತು? ಪಾಪ, ಹಾಕ್ಕೋತಾರಾ?" ಅಂತ ಕೇಳಿದರು.

ಸುಳ್ಳು ಹೇಳುವುದು ನನಗಿಷ್ಟವಿಲ್ಲ. "ದಿನಾ ಹಾಕ್ಕೋತಾರೆ ಮೇಡಂ. ಒಬ್ಬರೇ ಅಲ್ಲ, ದಿನಕ್ಕೊಬ್ಬರು. ಎಲ್ಲರೂ ಸಮುದ್ರದ ಕಡೆಯವರು" ಅಂದೆ.

ಒಂದು ಗ್ಯಾರೇಜು, ಎರಡು ಸಂಘ

ಸಂಘದ ಮೀಟಿಂಗು ನರ್ಸಮ್ಮನ ಗ್ಯಾರೇಜಿನಲ್ಲಿ. ಊರಿಗೆ ಬೋರ್‌ವೆಲ್ ಮೊದಲೋ, ಶಾಲೆಗೆ ಸೂರು ಮೊದಲೋ ಅಂತ ತೀರ್ಮಾನಿಸಬೇಕಾಗಿತ್ತು. ನನ್ನ ಗಂಡನನ್ನೂ ಕರೆದುಕೊಂಡು ಹೋಗಿದ್ದೆ. ಬೋರ್‌ವೆಲ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಸಂಘದ ಹೆಸರು ಊರಿನ "ಮಕ್ಕಳು" ಅಂತಿರಬೇಕೋ, ಊರಿನ "ಮಿತ್ರರು" ಅಂತಿರಬೇಕೋ ಅನ್ನುವುದರಲ್ಲೇ ಮಧ್ಯಾಹ್ನವಾಯಿತು. ರಿಟೈರಾದ ಟ್ಯಾಕ್ಸಿ ಡ್ರೈವರೊಬ್ಬರು ಎದ್ದು ನಿಂತು, "ಮಿತ್ರರು ಅನ್ನುವವರು ಹುಟ್ಟಿದ್ದೇ ಆ ಊರಿನಲ್ಲಲ್ಲ" ಅಂದುಬಿಟ್ಟರು. ಅಲ್ಲಿಗೆ ಸಂಘ ಒಡೆಯಿತು.

ನನ್ನ ಗಂಡ ನನ್ನ ಕಿವಿಯಲ್ಲಿ, "ಅಮೆರಿಕಾಕ್ಕೆ ಬಂದ ಮೇಲೆ ಇವತ್ತೇ ಕಣೇ ನಮ್ಮೂರಲ್ಲಿ ಇದ್ದ ಹಾಗೆ ಅನ್ನಿಸ್ತಿರೋದು" ಅಂದರು.

ಸಂಘ ಒಡೆದರೂ ಗ್ಯಾರೇಜು ಒಂದೇ ಇತ್ತು. ಹಾಗಾಗಿ ಮುಂದಿನ ಭಾನುವಾರ ಮಕ್ಕಳ ಸಂಘ ಕಾರಿನ ಈ ಕಡೆ, ಮಿತ್ರರ ಸಂಘ ವಾಷಿಂಗ್ ಮೆಷಿನ್ನಿನ ಆ ಕಡೆ ಸೇರಿತು. ಬೇರೆ ಯಾರೂ ಒಪ್ಪದ ಕಾರಣ ಎರಡಕ್ಕೂ ನರ್ಸಮ್ಮನೇ ಕಾರ್ಯದರ್ಶಿ. ಈ ಕಡೆ ಆ ಕಡೆಯವರನ್ನು ಬೈಯುವಾಗ ತಲೆಯಾಡಿಸಿ, ಆ ಕಡೆ ಹೋಗಿ ಈ ಕಡೆಯವರನ್ನು ಬೈಯುವಾಗಲೂ ತಲೆಯಾಡಿಸಿ ಅವರಿಗೆ ಕುತ್ತಿಗೆ ನೋವು ಬಂತು.

ಕೊನೆಗೆ ಅವರು ಒಲೆಯ ಮೇಲಿಂದ ದೊಡ್ಡ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು ತಂದು ಗ್ಯಾರೇಜಿನ ನಡುವೆ ಇಟ್ಟರು. "ಇದು ಒಂದೇ ಸಂಘಕ್ಕಾಗುವಷ್ಟಿದೆ" ಅಂದರು. ಘಮ ಏಳುತ್ತಿತ್ತು. ಟ್ಯಾಕ್ಸಿ ಡ್ರೈವರು ಬಟ್ಟಲು ಹಿಡಿದುಕೊಂಡು ಮೊದಲು ಕಾರು ದಾಟಿ ಬಂದರು. "ಮಕ್ಕಳಾದ ಮೇಲೆ ಮಿತ್ರರೂ ಆಗಬಾರದು ಅಂತ ಎಲ್ಲಿದೆ?" ಅಂದರು. ಆವತ್ತೇ ಶಾಲೆಯ ಸೂರೂ ಪಾಸಾಯಿತು.

ಜೀಗುಜ್ಜೆ

ನಮ್ಮತ್ತೆ ಉಡುಪಿ ಕಡೆಯವರು. ನಮ್ಮ ಮನೆಗೆ ಬಂದ ಹೊಸದರಲ್ಲಿ ಇಂಗ್ಲಿಷ್ ಬರುವುದಿಲ್ಲ ಅಂತ ಬಾಗಿಲು ದಾಟುತ್ತಿರಲಿಲ್ಲ. ಒಂದು ದಿನ ನರ್ಸಮ್ಮ ಏಷ್ಯನ್ ಅಂಗಡಿಯಿಂದ ಏನೋ ಹಸಿರು ಕಾಯಿ ತಂದು ಮುಂಬಾಗಿಲ ಹತ್ತಿರ ನಿಂತಿದ್ದರು. ಅತ್ತೆ ಕಿಟಕಿಯಲ್ಲಿ ನೋಡಿದವರೇ, "ಅಯ್ಯೋ ಜೀಗುಜ್ಜೆ" ಅನ್ನುತ್ತಾ ಚಪ್ಪಲಿ ಹಾಕದೆ ಓಡಿದರು. ಕರಾವಳಿಯವರ ಜೀಗುಜ್ಜೆ, ಅಂದರೆ ದೀವಿ ಹಲಸೇ, ಹೈಟಿಯವರ ವೆರಿತಾಬ್ ಅಂತೆ.

ಸಂಜೆ ನಾನು ಆಫೀಸಿನಿಂದ ಬಂದಾಗ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಅದರ ಪೋಡಿ, ಅಂದರೆ ಬಜ್ಜಿ, ಕರಿಯುತ್ತಿದ್ದರು. ಅತ್ತೆಯ ಮಾತು ತುಳುವಿನಲ್ಲಿ, ನರ್ಸಮ್ಮನದು ಅವರ ದೇಶದ ಕ್ರಿಯೋಲ್ ಭಾಷೆಯಲ್ಲಿ. ಇಬ್ಬರ ಮಾತಿಗೂ ಇಬ್ಬರೂ ಹೂಂ ಅನ್ನುತ್ತಿದ್ದರು. ನಾನು ಬ್ಯಾಗು ಇಟ್ಟು, "ಅತ್ತೆ, ಅವರು ಹೇಳ್ತಿರೋದನ್ನ ಇಂಗ್ಲಿಷಿನಲ್ಲಿ ಕೇಳಿ ಹೇಳ್ತೀನಿ..." ಅಂತ ಅನುವಾದಕ್ಕೆ ಕೈ ಹಾಕಿದೆ.

ಅತ್ತೆ ಜಾಲರಿ ಸೌಟು ತೋರಿಸಿ, "ನೀನು ಮಧ್ಯ ಬಂದು ಇಂಗ್ಲಿಷ್ ಮಾಡ್ಬೇಡ. ಅವಳ ಅತ್ತಿಗೆಯ ವಿಷಯ ಹೇಳ್ತಾ ಇದ್ದಾಳೆ" ಅಂದರು.

ನರ್ಸಮ್ಮನನ್ನು ಕೇಳಿದೆ. ನಿಜವಾಗಿಯೂ ಅತ್ತಿಗೆಯ ವಿಷಯವೇ. ಟೇಬಲ್ಲಿನ ಹತ್ತಿರ ಪೋಡಿ ತಿನ್ನುತ್ತಿದ್ದ ನನ್ನ ಮಗಳು ತಲೆ ಎತ್ತದೆ, "ಅಮ್ಮಾ, ದೇ ಡೋಂಟ್ ನೀಡ್ ಯು" ಅಂದಳು.

ಅತ್ತೆಯ ತರಬೇತಿ

ನರ್ಸಮ್ಮನ ಊರಿನಲ್ಲಿ ಜೀಗುಜ್ಜೆ ಮರಗಳು ಬೇಕಾದಷ್ಟು. ಕಾಯಿ ಬಿದ್ದು ಮರದ ಬುಡದಲ್ಲೇ ಕೊಳೆಯುತ್ತದೆ. ಚಿಪ್ಸು ಮಾಡಿ ಮಾರಿದರೆ ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲಿಸಬೇಕಾಗಿಲ್ಲ ಅಂತ ಅಲ್ಲಿಯ ಹೆಂಗಸರು ಸಂಘಕ್ಕೆ ಹೇಳಿ ಕಳಿಸಿದರು. ನಮ್ಮ ಸಂಘದವರು ಕೂಡಲೇ ದೊಡ್ಡದೊಂದು ಮೆಷಿನ್ನು ಕಳಿಸಲು ಹೊರಟರು. "ಅಲ್ಲಿ ಕರೆಂಟು ನೆಂಟರ ಹಾಗೆ, ಬಂದಾಗ ಬಂತು" ಅಂದರು ನರ್ಸಮ್ಮ. ಮೆಷಿನ್ನು ಬೇಡವಾದರೆ ತರಬೇತಿ ಅಂತಾಯಿತು. ತರಬೇತಿ ಕೊಡುವವರು ನಮ್ಮತ್ತೆ, ವಿಡಿಯೋ ಕಾಲಿನಲ್ಲಿ.

ಭಾನುವಾರ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಬಾಣಲೆ ಇಟ್ಟರು. ಆ ಕಡೆ ಶಾಲೆಯ ಜಗಲಿಯಲ್ಲಿ ಹೆಂಗಸರೆಲ್ಲ ಒಲೆ ಹೂಡಿ ಕೂತಿದ್ದರು. ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ, ನಾನು ಹೇಳಿದ್ದನ್ನು ನರ್ಸಮ್ಮ ಕ್ರಿಯೋಲಿಗೆ. "ತೆಗೀರಿ" ಅನ್ನುವ ಮಾತು ಅಲ್ಲಿ ತಲುಪುವಷ್ಟರಲ್ಲಿ ಚಿಪ್ಸು ಕಪ್ಪಾಗಿತ್ತು.

"ನೀವಿಬ್ಬರೂ ಸುಮ್ಮನಿರಿ, ನಾನೇ ಹೇಳ್ತೇನೆ" ಅಂತ ಅತ್ತೆ ಪರದೆಗೇ ಮುಖ ತಂದರು. ಆ ಕಡೆ ತಲೆಗೆ ಹಳದಿ ಬಟ್ಟೆ ಕಟ್ಟಿದ ಮುಖ್ಯಸ್ಥೆ ಬಾಣಲೆಗೆ ಉಪ್ಪುನೀರು ಚಿಮುಕಿಸುತ್ತಿದ್ದರು.

"ಸಾಕು ಮಾರಾಯ್ತಿ" ಅಂದರು ಅತ್ತೆ.

ಆಕೆ ನಕ್ಕು, "ಸಾಕು ಮಾರಾಯ್ತಿ" ಅಂತ ಗೌರವದಿಂದ ಹೇಳಿ ಇನ್ನೊಂದು ಸೌಟು ಚಿಮುಕಿಸಿದರು.

"ಸಾಕು ಮಾರಾಯ್ತಿ, ಸಾಕು."

ಈ ಸಲ ಜಗಲಿಯವರೆಲ್ಲ ಒಟ್ಟಿಗೆ ಹೇಳಿದರು, ಮಗ್ಗಿ ಒಪ್ಪಿಸಿದ ಹಾಗೆ. ಉಪ್ಪು ಮಾತ್ರ ಬೀಳುತ್ತಲೇ ಇತ್ತು.

ಎಲ್ಲ ಮುಗಿದ ಮೇಲೆ ಮುಖ್ಯಸ್ಥೆ ಏನೋ ಹೇಳಿದರು. ನರ್ಸಮ್ಮ ಅನುವಾದ ಮಾಡಲು ಹಿಂದೆಮುಂದೆ ನೋಡಿದರು. ಕೊನೆಗೆ ಹೇಳಿದ್ದು ಇಷ್ಟು: ಚಿಪ್ಸು ಕರಿಯುವುದು ಅವರಿಗೆ ಮೊದಲಿಂದಲೂ ಬರುತ್ತದೆ. ಅವರ ಅಜ್ಜಿಯರೂ ಕರಿಯುತ್ತಿದ್ದರು. ಬೇಕಾಗಿದ್ದದ್ದು ಮೆತ್ತಗಾಗದ ಹಾಗೆ ತುಂಬಿಡುವ ಗಟ್ಟಿ ಕವರು. ದೊಡ್ಡವರು ಇಷ್ಟು ಪ್ರೀತಿಯಿಂದ ಕಲಿಸುವಾಗ ತಡೆಯುವುದು ಹೇಗೆ ಅಂತ ಸುಮ್ಮನಿದ್ದರು.

ಅತ್ತೆ ಬಾಣಲೆ ಕೆಳಗಿಳಿಸಿ ಸೆರಗು ನೋಡಿಕೊಂಡರು. ಆಮೇಲೆ, "ಮೊದಲೇ ಹೇಳ್ಬಾರ್ದಿತ್ತಾ? ಸೀರೆಗೆ ಎಣ್ಣೆ ಹಾರಿತು" ಅಂದರು. ಮರುದಿನ ತಾವೇ ನರ್ಸಮ್ಮನ ಜೊತೆ ಅಂಗಡಿಗೆ ಹೋಗಿ, ಜಿಪ್ ಇರುವ ದಪ್ಪ ಕವರುಗಳನ್ನು ಎಳೆದು ಎಳೆದು ನೋಡಿ ಆರಿಸಿದರು.

ಚಿಪ್ಸು ಅಲ್ಲಿಯ ಸಂತೆಗಳಲ್ಲಿ ಚೆನ್ನಾಗಿ ಹೋಗತೊಡಗಿತು. ಊರಿಗೆ ಹೋಗಿ ಬಂದ ಟ್ಯಾಕ್ಸಿ ಡ್ರೈವರು ನಮಗೊಂದು ಪ್ಯಾಕೆಟ್ಟು ತಂದುಕೊಟ್ಟರು. ಹಳದಿ ಲೇಬಲ್ಲು, ದಪ್ಪ ಇಂಗ್ಲಿಷ್ ಅಕ್ಷರ. ನಾನು ಓದಿ, ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. "ಸಾಕು ಮಾರಾಯ್ತಿ" ಅಂತಲೇ ಇತ್ತು.

ಇಂಡಿಯಾದಲ್ಲಿ ಆ ತಿಂಡಿಗೆ ಅದೇ ಹೆಸರು ಅಂತ ಅಲ್ಲಿಯ ಹೆಂಗಸರು ತಿಳಿದುಕೊಂಡಿದ್ದರಂತೆ. ನಾನು ನರ್ಸಮ್ಮನಿಗೆ ಅರ್ಥ ಹೇಳಿದೆ. ನರ್ಸಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ಹೆಸರು ಬದಲಾಯಿಸಿ ಅಂತ ಹೇಳಲು ಫೋನು ಹಚ್ಚಿದರು. ಮುಖ್ಯಸ್ಥೆ ಒಪ್ಪಲಿಲ್ಲ. ಜನಕ್ಕೆ ಆ ಹೆಸರೇ ಬಾಯಿಗೆ ಹತ್ತಿಬಿಟ್ಟಿದೆಯಂತೆ. ಸಂತೆಯ ದಿನ ಬೆಳಿಗ್ಗೆಯೇ ಬಂದು ಕೈ ಚಾಚಿ, "ಸಾಕು ಮಾರಾಯ್ತಿ, ಇನ್ನೊಂದು ಕೊಡಿ" ಅನ್ನುತ್ತಾರಂತೆ.