ಬೆಂಚು ಖಾಲಿ ಇದೆ

ಕತ್ತರಿಯ ಸಲೂನಿನಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಬೆಂಚು. ಆ ಬೆಂಚಿನ ಮೇಲೆ ಸರದಿ ಕಾಯುವಷ್ಟರಲ್ಲಿ ಗಿರಾಕಿಗಳ ಗಡ್ಡ ಮೊಣಕಾಲು ಮುಟ್ಟುತ್ತಿತ್ತು. ಬೀದಿಯವರೆಲ್ಲ ‘ಕತ್ತರಿ’ ಎಂದೇ ಕರೆಯುತ್ತಿದ್ದ ಆ ಮನುಷ್ಯ ಹೋದ ವಾರ ಗೋಡೆಗೆ ಒಂದು ವೆಬ್‌ಕ್ಯಾಮ್ ಹಾಕಿದ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಿ, ಬೆಂಚು ಖಾಲಿಯಾದ ಕೂಡಲೇ ಬನ್ನಿ ಎಂದು ಎಲ್ಲರಿಗೂ ಹೇಳಿಬಂದ.

ಎಡವಟ್ಟಾದದ್ದು ನಲವತ್ತು ಸೆಕೆಂಡಿನಿಂದ. ಅಂಗಡಿಯಲ್ಲಿ ನಡೆದದ್ದು ಮೊಬೈಲಿಗೆ ಬರಲು ಅಷ್ಟು ತಡವಾಗುತ್ತಿತ್ತು. ಖಾಲಿ ಬೆಂಚು ನೋಡಿ ಓಡಿಬಂದರೆ ಅಲ್ಲಿ ಯಾರದೋ ತೊಡೆ ಇರುತ್ತಿತ್ತು. ಆ ಬೆಳಿಗ್ಗೆಯಂತೂ ಡ್ರಾಯಿಂಗ್ ಮೇಷ್ಟ್ರು ಓಡಿಬಂದ ಭರದಲ್ಲಿ ಮೊದಲೇ ಕೂತಿದ್ದವರ ಮಡಿಲಲ್ಲಿ ಮಗುವಿನಂತೆ ಕೂತುಬಿಟ್ಟರು.

“ನೋಡಯ್ಯ ಕತ್ತರಿ, ದಿನದ ಹಾಗೆ ಮಧ್ಯಾಹ್ನ ಎಣ್ಣೆ ತಿಕ್ಕಿಸ್ಕೊಳ್ಳೋಕೆ ಬರ್ತೀನಲ್ಲ, ಅಷ್ಟರಲ್ಲಿ ಇದು ಸರಿ ಹೋಗ್ಬೇಕು. ಇಲ್ದಿದ್ರೆ ನಾನು, ನನ್ನ ಇಸ್ಪೀಟು ಬಳಗ, ಎಲ್ಲಾ ಎದುರಿನ ಅಂಗಡಿಗೆ. ಅಲ್ಲಿ ಆರು ಕುರ್ಚಿ ಇದೆ.”

ಮೇಷ್ಟ್ರ ಬಳಗವೆಂದರೆ ಹದಿನಾಲ್ಕು ತಲೆ. ಎಂಟು ತಲೆಯ ಕೂದಲು ಕತ್ತರಿಸಿ, ಉಳಿದ ಆರಕ್ಕೆ ಕೂದಲು ಬರುವ ಎಣ್ಣೆ ತಿಕ್ಕಿಯೇ ಕತ್ತರಿಯ ಹೊಟ್ಟೆ ತುಂಬುತ್ತಿದ್ದದ್ದು.

ಅವನ ಮುಖ ನೋಡಿ ಪಕ್ಕದ ಅಂಗಡಿಯ ಹೊಲಿಗೆಯಕ್ಕ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು.

“ಮೊದ್ಲು ಎಷ್ಟು ತಡ ಅಂತ ಅಳೀಬೇಕು ಕಣೋ ತಮ್ಮಾ. ಅಳತೆ ಇಲ್ದೆ ನಾನು ಬಟ್ಟೆಗೆ ಕೈ ಹಾಕ್ತೀನಾ?”

ಬೆಂಚಿನ ಮೇಲುಗಡೆ ಗಡಿಯಾರವಿತ್ತು, ಅದರ ಪಕ್ಕ ದಿನಾ ಹಾಳೆ ಹರಿಯುವ ಕ್ಯಾಲೆಂಡರು. ಗೋಡೆಯ ಗಡಿಯಾರವನ್ನೂ ಮೊಬೈಲಿನಲ್ಲಿ ಕಾಣುವ ಗಡಿಯಾರವನ್ನೂ ಹೋಲಿಸುತ್ತ ಇಬ್ಬರೂ ಕೂತರು. ಕತ್ತರಿ ಚಿತ್ರದ ಗಾತ್ರ ಇಳಿಸಿದ. ತಡ ಇಪ್ಪತ್ತೈದು ಸೆಕೆಂಡಿಗೆ ಬಂತು. ವೈಫೈ ಬಿಟ್ಟು ತಂತಿ ಎಳೆದ. ಹನ್ನೆರಡಾಯಿತು. ಅಷ್ಟರಲ್ಲಿ ಯಾರೂ ಕೂರದ ಕುರ್ಚಿ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಫ್ಯಾನಿನ ಗಾಳಿ ಇರಬೇಕು ಎಂದುಕೊಂಡ.

“ಇನ್ನೂ ಇಳಿಸು,” ಎಂದಳು ಅಕ್ಕ.

ಕ್ಯಾಮೆರಾದ ಪೆಟ್ಟಿಗೆ ಚಿತ್ರವನ್ನು ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಹೊರಗೆ ಬಿಡುತ್ತಿತ್ತು. ಆ ಕೂಡಿಡುವುದನ್ನೂ ಸೊನ್ನೆ ಮಾಡಿದ. ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಗೋಡೆಯಲ್ಲಿ ಒಂದು ನಲವತ್ತು, ಮೊಬೈಲಿನಲ್ಲಿ ಒಂದು ನಲವತ್ತೈದು.

“ಅಕ್ಕಾ... ಇದು ಐದು ನಿಮಿಷ ಮುಂದೆ ಹೋಗ್ಬಿಡ್ತು!”

“ತಡ ತೆಗಿ ಅಂದ್ರೆ ಇಷ್ಟೊಂದಾ ತೆಗೆಯೋದು?”

ಮೊಬೈಲಿನಲ್ಲಿ ಮೇಷ್ಟ್ರು ಒಳಗೆ ಬಂದರು. ಕೊಡೆ ಮಡಚಿದರು, ಬೆಂಚನ್ನು ಎರಡು ಸಲ ತಟ್ಟಿ ಕೂತರು. ಅಂಗಡಿಯಲ್ಲಿ ಮಾತ್ರ ಬೆಂಚು ಖಾಲಿ. ಇಬ್ಬರೂ ಉಸಿರು ಬಿಗಿಹಿಡಿದು ಐದು ನಿಮಿಷ ಕಾದರು. ಗಡಿಯಾರ ನೋಡಿಯೇ ಉಸಿರಾಡುವ ಮೇಷ್ಟ್ರು ಸರಿಯಾಗಿ ಒಂದು ನಲವತ್ತೈದಕ್ಕೆ ಒಳಗೆ ಬಂದರು. ಕೊಡೆ ಮಡಚಿದರು. ಬೆಂಚನ್ನು ತಟ್ಟಿದರು, ಎರಡೇ ಸಲ.

ಕತ್ತರಿ ಹೆದರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ವಿಷಯ ತಿಳಿದ ಮೇಷ್ಟ್ರಿಗೆ ಮಾತ್ರ ಖುಷಿಯೋ ಖುಷಿ. ಕುರ್ಚಿಗೆ ಬಂದು ಕೂತು, ತಲೆ ಕೊಟ್ಟು, ಕಣ್ಣನ್ನು ಮೊಬೈಲಿಗೆ ನೆಟ್ಟರು.

ನಡುವೆ ಚಿತ್ರ ಸ್ವಲ್ಪ ಹೊತ್ತು ನಿಂತುಹೋಯಿತು. ಎರಡು ಹತ್ತಕ್ಕೆ ಮತ್ತೆ ಬಂದಾಗ ಮೊಬೈಲಿನೊಳಗಿನ ಅಂಗಡಿ ಮಬ್ಬಾಗಿತ್ತು. ಬಾಗಿಲು ಪೂರ್ತಿ ಎಳೆದಿತ್ತು. ಬೆಂಚಿನ ಮೇಲೆ ಯಾರೋ ಉದ್ದಕ್ಕೆ ಮಲಗಿದ್ದರು, ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ. ಹೊರಗೆ ಇಣುಕುತ್ತಿದ್ದ ಸೊಟ್ಟ ಹೆಬ್ಬೆರಳು ಇಡೀ ಬೀದಿಯಲ್ಲಿ ಒಬ್ಬನಿಗೇ ಇದ್ದದ್ದು.

“ಅಯ್ಯೋ ತಮ್ಮಾ!” ಎಂದು ಅಕ್ಕ ಸೂರು ಹಾರುವಂತೆ ಕಿರುಚಿದಳು. “ಇನ್ನೈದೇ ನಿಮಿಷ ಕಣೋ! ನನ್ನ ಇಸ್ತ್ರಿಪೆಟ್ಟಿಗೆ ಇಸ್ಕೊಂಡಿದ್ಯಲ್ಲ, ಅದೆಲ್ಲಿಟ್ಟೆ?”

“ಐದು ನಿಮಿಷ ಇದೆಯಲ್ಲ,” ಎಂದರು ಮೇಷ್ಟ್ರು. “ಎಡಗಡೆ ತಿಕ್ಕಿ ಮುಗಿಸ್ಬಿಡಪ್ಪ. ಅರ್ಧ ತಲೆಗೆ ಮಾತ್ರ ಕೂದಲು ಬಂದ್ರೆ ನಾನು ಹೊರಗೆ ಹೋಗೋದು ಹೇಗೆ?”

ಕತ್ತರಿ ಅವರ ಕಾಲ ಬಳಿ ಕುಸಿದ.

“ಬರಲ್ಲ ಮೇಷ್ಟ್ರೇ, ಯಾವ ಕಡೆಗೂ ಬರಲ್ಲ! ಸಾಯೋ ಹೊತ್ತಲ್ಲಿ ಸುಳ್ಳು ಹೇಳಲ್ಲ. ಅದು ಹೊಲಿಗೆ ಮಿಷನ್ನಿಗೆ ಬಿಡೋ ಎಣ್ಣೆ. ಅಕ್ಕನ ಅಂಗಡೀದು. ಎರಡು ತೊಟ್ಟು ಸೆಂಟು ಹಾಕ್ತಿದ್ದೆ.”

“ಮೂರು ವರ್ಷದಿಂದ ನನ್ನ ಡಬ್ಬಿ ಖಾಲಿ ಮಾಡ್ತಿದ್ದೋನು ನೀನಾ!” ಎಂದಳು ಅಕ್ಕ.

ಗಡಿಯಾರದ ಮುಳ್ಳು ಎರಡೂಕಾಲಿಗೆ ಬಂತು. ಕತ್ತರಿ ಕಣ್ಣು ಮುಚ್ಚಿದ. ಎರಡು ಹದಿನಾರಾಯಿತು. ಮೂಗಿನ ಮೇಲೆ ನೊಣ ಕೂತಿತು. ಹೆಣಕ್ಕೆ ಕಚಗುಳಿ ಆಗುವುದುಂಟೇ? ಕಣ್ಣು ಬಿಟ್ಟ.

ಮೈಲಿ ದೂರದಿಂದಲೇ ಬಿಟ್ಟ ಹೊಲಿಗೆ ಹಿಡಿಯುವ ಅಕ್ಕ ಮೊಬೈಲಿಗೆ ಮೂಗು ತಾಗಿಸಿ ನೋಡುತ್ತಿದ್ದಳು.

“ಗೋಡೆ ಕ್ಯಾಲೆಂಡರಲ್ಲಿ ಹನ್ನೆರಡು, ಇದ್ರಲ್ಲಿ ಹನ್ನೊಂದು! ಇದು ಮುಂದೆ ಓಡಿಲ್ಲ ಕಣೋ ಪೆದ್ದಾ. ಹಿಂದೆ ಬಿದ್ದಿದೆ. ಪೂರ್ತಿ ಒಂದು ದಿನ ಹಿಂದೆ, ಐದು ನಿಮಿಷ ಕಮ್ಮಿ!”

ಪೆಟ್ಟಿಗೆ ನಿನ್ನೆ ರೆಕಾರ್ಡ್ ಆದದ್ದನ್ನೇ ತೆಗೆದು ತೋರಿಸುತ್ತಿತ್ತು. ನಿನ್ನೆ ನೊಣದ ಕಾಟಕ್ಕೆ ಮುಸುಕೆಳೆದು ಸೊಗಸಾಗಿ ನಿದ್ದೆ ಹೊಡೆದದ್ದು ಕತ್ತರಿಗೆ ಆಗ ನೆನಪಾಯಿತು. ಪಾಪ, ತಾನು ನಿದ್ದೆ ಮಾಡುವುದನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಮೇಷ್ಟ್ರು ಅರ್ಧ ತಲೆ ಮಿರಮಿರ ಮಿಂಚಿಸುತ್ತ ಎದ್ದರು. “ಹದಿನಾಲ್ಕು ತಲೆ ಮರೆತ್ಬಿಡು,” ಎಂದು ಕೊಡೆ ಹಿಡಿದು ನೇರ ಎದುರಿನ ಅಂಗಡಿಗೆ ನಡೆದರು. ಅಕ್ಕ ಎಣ್ಣೆಯ ಸೀಸೆ ಕಂಕುಳಲ್ಲಿ ಇಟ್ಟುಕೊಂಡು, “ತಮ್ಮನಂತೆ ತಮ್ಮ!” ಎನ್ನುತ್ತ ಹೋದಳು.

ಹಾಳಾದ ಮೊಬೈಲನ್ನು ಆರಿಸಲೆಂದು ಕತ್ತರಿ ಕೈಗೆತ್ತಿಕೊಂಡ. ನಿನ್ನೆಯ ಕತ್ತರಿ ಇನ್ನೂ ಬೆಂಚಿನ ಮೇಲೆ ಮಲಗಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆದರೂ ಚಿತ್ರದ ಅಂಚಿನಲ್ಲಿದ್ದ ಕುರ್ಚಿಯಲ್ಲಿ ಯಾರೋ ಇದ್ದರು. ಕೊರಳಿಗೆ ತಾವೇ ಬಿಳಿ ಬಟ್ಟೆ ಕಟ್ಟಿಕೊಂಡು, ಗಲ್ಲ ಮೇಲೆತ್ತಿ, ಮಲಗಿದವನು ಏಳಲಿ ಎಂದು ಕಾಯುತ್ತಿದ್ದರು. ಗಡಿಯಾರ ನೋಡಲಿಲ್ಲ, ಕೆಮ್ಮಲಿಲ್ಲ, ಗೊಣಗಲಿಲ್ಲ. ಅಷ್ಟು ತಾಳ್ಮೆಯ ಗಿರಾಕಿಯನ್ನು ಕತ್ತರಿ ಜನ್ಮದಲ್ಲಿ ಕಂಡಿರಲಿಲ್ಲ.

ಬೆನ್ನ ಹಿಂದೆ ಕುರ್ಚಿ ಕಿರ್ರೆಂದಿತು.

“ಬೆಂಚು ಖಾಲಿ ಆಯ್ತಲ್ಲಪ್ಪ,” ಎಂದಿತು ಒಂದು ತಣ್ಣನೆಯ ದನಿ. “ಈಗಲಾದ್ರೂ ನನ್ನ ಸರದೀನಾ?”